3 ಟನ್ ಎಸಿಯ ಡಕ್ಟಿಗೆ ಎಷ್ಟು ದಪ್ಪದ ತಗಡು? ಕೊಳ್ಳುವುದರಿಂದ ಊದುಬತ್ತಿ ಪರೀಕ್ಷೆಯವರೆಗೆ

ಬೆಂಗಳೂರಿನ ಒಂದು ಮನೆ. ಹಾಲ್ ಮತ್ತು ಊಟದ ಜಾಗ ಸೇರಿ ಒಂದೇ ಉದ್ದನೆಯ ಕೋಣೆ. 3 ಟನ್ನಿನ ಡಕ್ಟಬಲ್ ಯೂನಿಟ್ಟು ಫಾಲ್ಸ್ ಸೀಲಿಂಗಿನೊಳಗೆ ಒಂದು ತುದಿಯಲ್ಲಿ ಕೂರುತ್ತದೆ. ಡಕ್ಟು (ತಣ್ಣನೆ ಗಾಳಿ ಒಯ್ಯುವ ತಗಡಿನ ಕೊಳವೆ) ಅಲ್ಲಿಂದ 9.6 ಮೀಟರ್ ನೇರ ಓಡಿ ಮೂರು ಕಡೆ ಗಾಳಿ ಇಳಿಸುತ್ತದೆ. ಡ್ರಾಯಿಂಗಿನಲ್ಲಿ ತಗಡಿನ ಬಗ್ಗೆ ಬರೆದಿರುವುದು ಮೂರೇ ಪದ: '24 ಗೇಜ್ ಜಿಐ'. ಗೇಜ್ ಎಂದರೆ ದಪ್ಪ ಹೇಳುವ ಸಂಖ್ಯೆ, ಜಿಐ ಎಂದರೆ ಸತು ಹೊದಿಸಿದ ತಗಡು. ಆಮೇಲಿನ ತಕರಾರೆಲ್ಲ ಹುಟ್ಟುವುದು ಈ ಮೂರು ಪದಗಳಲ್ಲೇ.

ಮೊದಲು ಡಕ್ಟಿನ ಅಳತೆ, ಏಕೆಂದರೆ ದಪ್ಪ ಎಷ್ಟಿರಬೇಕು ಎನ್ನುವುದನ್ನು ಹೇಳುವುದು ಅದೇ. ಟನ್ನಿಗೆ 400 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಲೆಕ್ಕದಲ್ಲಿ 1200 ಸಿಎಫ್‌ಎಂ, ಅಂದರೆ ಸೆಕೆಂಡಿಗೆ 0.57 ಘನ ಮೀಟರ್ ಗಾಳಿ. ಮನೆಯೊಳಗೆ ಗಾಳಿಯ ಸದ್ದು ಕೇಳಬಾರದೆಂದರೆ ಮುಖ್ಯ ಡಕ್ಟಿನಲ್ಲಿ ವೇಗ ಸೆಕೆಂಡಿಗೆ 5 ಮೀಟರ್ ಆಸುಪಾಸಿನಲ್ಲಿರಬೇಕು. ಭಾಗಿಸಿದರೆ 0.114 ಚದರ ಮೀಟರ್. 450 × 250 ಮಿ.ಮೀ. ಡಕ್ಟು ಇದಕ್ಕೆ ಹೊಂದುತ್ತದೆ. ಮೊದಲ ಡಿಫ್ಯೂಸರಿಗೆ (ಕೋಣೆಗೆ ಗಾಳಿ ಬಿಡುವ ಬಾಯಿಗೆ) 400 ಸಿಎಫ್‌ಎಂ ಇಳಿದ ಮೇಲೆ 300 × 250, ಎರಡನೆಯದಾದ ಮೇಲೆ 250 × 200. ಉದ್ದ ಕ್ರಮವಾಗಿ 3.6, 2.4 ಮತ್ತು 3.6 ಮೀಟರ್. ಯೂನಿಟ್ಟಿನ ಬಾಯಿ 900 × 200. ಅದನ್ನು 450 × 250ಕ್ಕೆ ತರುವ ಪ್ಲೀನಮ್ಮು 600 ಮಿ.ಮೀ. ಉದ್ದ. ಹಿಂದುಗಡೆ, ಕೋಣೆಯ ಗಾಳಿಯನ್ನು ಯೂನಿಟ್ಟಿಗೆ ವಾಪಸ್ ತರುವ 900 × 250ರ ಒಂದು ರಿಟರ್ನ್ ಪೆಟ್ಟಿಗೆ.

ತಗಡಿನ ಡಕ್ಟಿಗಿರುವ ಭಾರತೀಯ ಮಾನಕ ಐಎಸ್ 655ರ ಲೆಕ್ಕ ಸರಳ: ಆಯತಾಕಾರದ ಡಕ್ಟಿನ ಉದ್ದನೆಯ ಬದಿ 750 ಮಿ.ಮೀ.ವರೆಗೆ ಇದ್ದರೆ 0.63 ಮಿ.ಮೀ. ತಗಡು, 1500ರವರೆಗೆ 0.80, 2250ರವರೆಗೆ 1.00, ಅದಕ್ಕೂ ಮೇಲೆ 1.25. ಈ ಪ್ರಕಾರ ನಮ್ಮ ಉದ್ದನೆಯ ಓಟವೆಲ್ಲ 0.63, ಪ್ಲೀನಮ್ಮು ಮತ್ತು ರಿಟರ್ನ್ ಪೆಟ್ಟಿಗೆಯ ಬದಿ 900 ಇರುವುದರಿಂದ ಅವೆರಡಕ್ಕೆ 0.80. 'ಇಡೀ ಕೆಲಸ 24 ಗೇಜ್' (ಇಲ್ಲಿ 0.63) ಎಂದು ಒಂದೇ ಸಾಲಿನಲ್ಲಿ ಕೊಟೇಶನ್ ಬಂದರೆ ಆ ಎರಡು ಪೆಟ್ಟಿಗೆಗಳು ಲೆಕ್ಕದಿಂದ ಜಾರಿವೆ ಎಂದೇ ಅರ್ಥ. ಮನೆಯಲ್ಲಿ ಅತಿ ಹೆಚ್ಚು ಸದ್ದು ಮಾಡುವ ತಗಡು ಕೂಡ ಅವೇ ಎರಡು.

ಹಾಗಾದರೆ ಗಾಳಿಯ ಒತ್ತಡಕ್ಕೆ ತಗಡು ಹರಿಯುತ್ತದೆಯೇ? ಖಂಡಿತ ಇಲ್ಲ. ಮನೆಯ ಡಕ್ಟಬಲ್ ಯೂನಿಟ್ಟಿನ ಒತ್ತಡ ಸಾಮಾನ್ಯವಾಗಿ 50 ಪ್ಯಾಸ್ಕಲ್ ಆಸುಪಾಸು. ಅದು ಎಷ್ಟು ಅಲ್ಪ ಎಂದರೆ 0.63ರ ತಗಡಿನ ಸ್ವಂತ ಭಾರವೇ ಅಷ್ಟಿದೆ: ಚದರ ಮೀಟರಿಗೆ 4.95 ಕೆಜಿ, ಅಂದರೆ ಸುಮಾರು 49 ಪ್ಯಾಸ್ಕಲ್. ತೆಳು ತಗಡು ಮಾಡುವ ಡಬಡಬ ಸದ್ದಿನ ಗುಟ್ಟು ಇಲ್ಲಿದೆ. ಡಕ್ಟಿನ ಕೆಳಗಿನ ಹಾಳೆ ತನ್ನ ಭಾರಕ್ಕೆ ಮೊದಲೇ ಕೆಳಕ್ಕೆ ಜೋತಿರುತ್ತದೆ. ಫ್ಯಾನು ಬಂದಾಗ ಇನ್ನಷ್ಟು ಜೋಲುತ್ತದೆ, ಸದ್ದಿಲ್ಲ. ಮೇಲಿನ ಹಾಳೆ ಒಳಕ್ಕೆ ಜೋತಿರುತ್ತದೆ; ಗಾಳಿ ಅದನ್ನು ಹೊರಕ್ಕೆ ನೂಕುತ್ತದೆ. 0.50ರ ಹಾಳೆಯ ಭಾರ 39 ಪ್ಯಾಸ್ಕಲ್ ಮಾತ್ರ, ಹಾಗಾಗಿ ಫ್ಯಾನು ಹಾಕಿದಾಗ ಅದು ಹೊರಕ್ಕೆ ನೆಗೆಯುತ್ತದೆ: ಡಬ್. ಆರಿಸಿದಾಗ ವಾಪಸ್ ಬೀಳುತ್ತದೆ: ಮತ್ತೆ ಡಬ್. 0.80ರ ಹಾಳೆ 62 ಪ್ಯಾಸ್ಕಲ್ ತೂಗುತ್ತದೆ, ಅದೇ ಗಾಳಿಗೆ ಕದಲುವುದಿಲ್ಲ. 0.63 ಸರಿಯಾಗಿ ಗೆರೆಯ ಮೇಲೆ ನಿಂತಿದೆ. ಅದಕ್ಕೇ ಅದಕ್ಕೆ ಕ್ರಾಸ್ ಬ್ರೇಕ್ (ಹಾಳೆಯನ್ನು ಮೊದಲೇ ಉಬ್ಬಿಸುವ ಓರೆ ಮಡಿಕೆ) ಬೇಕು. ರಿಟರ್ನ್ ಪೆಟ್ಟಿಗೆಯಲ್ಲಿ ಗಾಳಿ ಒಳಕ್ಕೆ ಎಳೆಯುವುದರಿಂದ ಎಲ್ಲ ಉಲ್ಟಾ, ಅಲ್ಲಿ ನೆಗೆಯುವುದು ಕೆಳಗಿನ ಹಾಳೆ.

ಬಿಗಿತದ ಲೆಕ್ಕವೂ ತಿಳಿದಿರಲಿ. ತಗಡಿನ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 0.63ರಿಂದ 0.50ಕ್ಕೆ ಇಳಿದರೆ ದಪ್ಪ ಐದರಲ್ಲಿ ಒಂದು ಪಾಲು ಕಡಿಮೆ, ಬಿಗಿತ ಅರ್ಧಕ್ಕರ್ಧ ಕಡಿಮೆ. 0.80ಕ್ಕೆ ಏರಿದರೆ ಬಿಗಿತ ದುಪ್ಪಟ್ಟು. ಅಗಲದ ಆಟ ಇದಕ್ಕಿಂತ ಜೋರು: ಅದೇ ಒತ್ತಡಕ್ಕೆ 450 ಅಗಲದ ಹಾಳೆ 300 ಅಗಲದ ಹಾಳೆಗಿಂತ ಐದು ಪಟ್ಟು ಉಬ್ಬುತ್ತದೆ. ಫಾಲ್ಸ್ ಸೀಲಿಂಗನ್ನು 50 ಮಿ.ಮೀ. ಮೇಲಕ್ಕೆ ಎತ್ತಲು 450 × 250 ಡಕ್ಟನ್ನು 600 × 200 ಮಾಡಿ ಎನ್ನುವ ಇಂಟೀರಿಯರಿನವರ ಸಲಹೆ ಆಗಾಗ ಬರುತ್ತದೆ. ಪಟ್ಟಿಯ ಪ್ರಕಾರ ಆಗಲೂ 0.63 ಸಾಕು. ಆದರೆ ಹಾಳೆ ಮೂರು ಪಟ್ಟು ಹೆಚ್ಚು ಅಲ್ಲಾಡುತ್ತದೆ. ಒಪ್ಪಲೇಬೇಕಾದರೆ 0.80ಕ್ಕೆ ಹೋಗಿ, ಇಲ್ಲವೇ ಪ್ರತಿ ತುಂಡಿನ ನಡುವೆ ಹೊರಗಿನಿಂದ ಒಂದು ಬಿಗಿಪಟ್ಟಿ ಕೊಡಿ.

ಇನ್ನು ಗೇಜು. 24 ಗೇಜ್ ಎಂದರೆ ಒಂದೇ ದಪ್ಪ ಅಲ್ಲ, ಮೂರು. ಬರ್ಮಿಂಗ್‌ಹ್ಯಾಮ್ ಶೀಟ್ ಗೇಜಿನಲ್ಲಿ 24 ಎಂದರೆ 0.63 ಮಿ.ಮೀ.; ನಮ್ಮ ಡಕ್ಟಿನ ಪಟ್ಟಿಗೆ ಕೂಡುವುದು ಇದು. ಎಸ್‌ಡಬ್ಲ್ಯೂಜಿ ಎಂಬ ತಂತಿ ಗೇಜಿನಲ್ಲಿ 24 ಎಂದರೆ 0.56. ಅಮೆರಿಕದ ಜಿಐ ಗೇಜಿನಲ್ಲಿ 24 ಎಂದರೆ 0.70. ಯೂಟ್ಯೂಬಿನಲ್ಲಿ ಅಮೆರಿಕದ ಕೆಲಸಗಾರ 'ಮನೆಗೆ 26 ಗೇಜ್ ಸಾಕು' ಎಂದಾಗ ಅವನ ಕೈಯಲ್ಲಿರುವುದು 0.55ರ ತಗಡು. ಅದೇ ಮಾತು ನಂಬಿ ಇಲ್ಲಿ 26 ಕೇಳಿದರೆ 0.50 ಬರುತ್ತದೆ, ಅದೃಷ್ಟ ಕೆಟ್ಟರೆ 0.46. ಆದ್ದರಿಂದ ಆರ್ಡರಿನಲ್ಲೂ ಬಿಲ್ಲಿನಲ್ಲೂ ಗೇಜ್ ಎಂಬ ಪದವೇ ಬೇಡ, ಮಿ.ಮೀ. ಬರೆಸಿ.

ಬರೆಸಿದ್ದನ್ನು ಅಳೆಯಲೂಬೇಕು. ಮೈಕ್ರೋಮೀಟರ್ ಇದ್ದರೆ ಹಾಳೆಯ ಅಂಚಿನಿಂದ 25 ಮಿ.ಮೀ. ಒಳಗೆ, ನಾಲ್ಕು ಕಡೆ ಹಿಡಿಯಿರಿ. ಕತ್ತರಿಸಿದ ಅಂಚಿನಲ್ಲೇ ಹಿಡಿದರೆ ಅಲ್ಲಿ ಕತ್ತರಿಸುವಾಗ ಎದ್ದ ಚೂಪು ಏಣು (ಬರ್) ಸೇರಿ 0.56 ಕೂಡ 0.63 ಎಂದು ತೋರಿಸುತ್ತದೆ. ಇದಕ್ಕಿಂತ ನಂಬಿಕಸ್ತ ಸಾಧನ ಅಂಗಡಿಯ ತಕ್ಕಡಿ, ಯಾಕೆಂದರೆ ತೂಕ ಇಡೀ ಹಾಳೆಯ ಸರಾಸರಿ ಹೇಳುತ್ತದೆ. 2440 × 1220ರ (8 × 4 ಅಡಿ) ಒಂದು ಹಾಳೆ 0.63ರದ್ದಾದರೆ 14.7 ಕೆಜಿ, 0.56ರದ್ದು 13.1, 0.50ರದ್ದು 11.7, 0.80ರದ್ದು 18.7. ಐದು ಹಾಳೆ ಒಟ್ಟಿಗೆ ತೂಗಿ ಐದರಿಂದ ಭಾಗಿಸಿ. 14 ಕೆಜಿಗಿಂತ ಕಡಿಮೆ ಬಂದರೆ ಗಾಡಿಗೆ ಹಾಕಿಸಬೇಡಿ. 2500 × 1250ರ ಹಾಳೆಯೂ ಸಿಗುತ್ತದೆ, ಅದು 0.63ರಲ್ಲಿ 15.5 ಕೆಜಿ ತೂಗಬೇಕು. ಇದನ್ನು ಗಮನಿಸದೆ ತೂಕ ಮಾತ್ರ ನೋಡಿ ಸಮಾಧಾನಪಟ್ಟರೆ ತೆಳು ತಗಡೇ ಮನೆಗೆ ಬರುತ್ತದೆ.

ತಗಡು ಕೆಜಿ ಲೆಕ್ಕದಲ್ಲಿ ಮಾರಾಟವಾಗುತ್ತದೆ, ಡಕ್ಟು ಚದರ ಅಡಿ ಅಥವಾ ಚದರ ಮೀಟರ್ ಲೆಕ್ಕದಲ್ಲಿ. ತೆಳು ತಗಡು ಹಾಕಿದರೆ ಉಳಿತಾಯ ಯಾರ ಜೇಬಿಗೆ ಎನ್ನುವುದು ಇದರಿಂದಲೇ ತಿಳಿಯುತ್ತದೆ. ನಮ್ಮ ಮೂರೂ ಓಟಗಳ ಮೈ ಸೇರಿದರೆ ಸುಮಾರು 10.9 ಚದರ ಮೀಟರ್: 0.63ರಲ್ಲಿ 54 ಕೆಜಿ, 0.50ರಲ್ಲಿ 43. ಹದಿನೈದು ವರ್ಷ ತಲೆಯ ಮೇಲೆ ಡಬಡಬ ಕೇಳುವುದಕ್ಕೆ ಪ್ರತಿಯಾಗಿ ಉಳಿಯುವುದು 11 ಕೆಜಿ ತಗಡಿನ ದುಡ್ಡು.

ದಪ್ಪ ಸರಿಯಿದ್ದರೂ ಜಾತಿ ತಪ್ಪಿರಬಹುದು. ಛಾವಣಿಗೆ ಬರುವ ಗಡಸು ಹಾಳೆ ಮಡಿಕೆ ತಡೆಯುವುದಿಲ್ಲ, ಅಂಚು ಜೋಡಿಸುವ ಮಡಿಕೆಯ, ಅಂದರೆ ಲಾಕಿನ, ಬೆನ್ನಿನಲ್ಲೇ ಸೀಳುತ್ತದೆ. ಕೊಳ್ಳುವ ಮುನ್ನ ಒಂದು ಮೂಲೆಯ ತುಂಡನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಪೂರ್ತಿ ಮಡಚಿ ಕೊಡತಿಯಿಂದ ಬಡಿಯಿರಿ. ಬೆನ್ನಿನಲ್ಲಿ ಸತು ಹಕ್ಕಳೆ ಎದ್ದರೆ, ಕೂದಲೆಳೆಯ ಬಿರುಕು ಕಂಡರೂ ಸರಿ, ಆ ಮಾಲು ಬೇಡ. ಬಣ್ಣದ ಹಾಳೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ: ಅದರ ಮೇಲೆ ಬರೆದಿರುವ ದಪ್ಪದಲ್ಲಿ ಬಣ್ಣವೂ ಸೇರಿರಬಹುದು, ಉಕ್ಕು ಅಷ್ಟಿರುವುದಿಲ್ಲ.

ಸತುವಿನ ಪ್ರಮಾಣವನ್ನು ಜಿಎಸ್‌ಎಂನಲ್ಲಿ (ಚದರ ಮೀಟರಿಗೆ ಇಷ್ಟು ಗ್ರಾಂ ಎಂದು) ಹೇಳುತ್ತಾರೆ. ಅದು ಎರಡೂ ಮೈ ಸೇರಿದ ಲೆಕ್ಕ. 120 ಜಿಎಸ್‌ಎಂ ಎಂದರೆ ಒಂದೊಂದು ಮೈಗೆ 60 ಗ್ರಾಂ, ಸುಮಾರು 8 ಮೈಕ್ರಾನ್ ಪದರ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಮನೆಯೊಳಗೆ, ಇನ್ಸುಲೇಷನ್ ಕೆಳಗೆ ಇದು ಸಾಕು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ 180ಕ್ಕಿಂತ ಕಡಿಮೆ ಬೇಡ. ತಾರಸಿಯ ಮೇಲೆ ಹೊರಗೆ ಓಡುವ ಡಕ್ಟಾದರೆ 275 ಕೇಳಿ. ದಪ್ಪ ಹೆಚ್ಚಿಸಿದ ಮಾತ್ರಕ್ಕೆ ತುಕ್ಕು ತಡೆಯುವುದಿಲ್ಲ, ಅದಕ್ಕೆ ಸತುವೇ ಬೇಕು. ಮಳೆಗಾಲದಲ್ಲಿ ಹಾಳೆಗಳನ್ನು ಒಂದರ ಮೇಲೊಂದು ಒದ್ದೆಯಾಗಿ ಬಿಟ್ಟರೆ ವಾರದಲ್ಲೇ ಬಿಳಿ ತುಕ್ಕು ಹಿಡಿಯುತ್ತದೆ. ಹಸಿ ಸಿಮೆಂಟೂ ಸತುವನ್ನು ತಿನ್ನುತ್ತದೆ, ಆದ್ದರಿಂದ ಗಿಲಾಯ ಮುಗಿಯುವ ತನಕ ಡಕ್ಟು ಏರಿಸಬಾರದು.

ಕತ್ತರಿಸುವ ಲೆಕ್ಕ. ಹಾಳೆಯ 1220ರ ಅಗಲವೇ ಡಕ್ಟು ತುಂಡಿನ ಉದ್ದ. ಸುತ್ತಳತೆಯನ್ನು 2440ರ ಉದ್ದದಲ್ಲಿ ಹಾಕಬೇಕು. 450 × 250ಕ್ಕೆ ಸುತ್ತಳತೆ 1400. ಒಂದೇ ಹೊಡೆತದಲ್ಲಿ ಮಡಚಿದರೆ ಪ್ರತಿ ಹಾಳೆಗೆ ಒಂದು ಮೀಟರ್ ಉಳಿಕೆ. ಅದರ ಬದಲು ಎರಡು 'ಎಲ್' ತುಂಡು ಮಾಡಿ: 450 + 250, ಜೊತೆಗೆ ಪಿಟ್ಸ್‌ಬರ್ಗ್ ಲಾಕಿನ (ಒಂದಂಚಿನ ಮಡಿಕೆ ಇನ್ನೊಂದಂಚಿನ ಜೇಬಿಗೆ ಇಳಿಯುವ ಜೋಡಣೆ) ಜೇಬಿಗೆ 25, ಎದುರಂಚಿನ ಒಂಟಿ ಮಡಿಕೆಗೆ 7, ಕೈಗೆ ಒಂದಿಷ್ಟು ಸಡಿಲ ಬಿಟ್ಟು 735. ಒಂದು ಹಾಳೆಗೆ ಮೂರು ಎಲ್. 3.6 ಮೀಟರಿಗೆ ಮೂರು ತುಂಡು, ಆರು ಎಲ್, ಸರಿಯಾಗಿ ಎರಡು ಹಾಳೆ. 300 × 250ರ ಎಲ್ 585. ನಾಲ್ಕು ಬರುತ್ತವೆ, ಒಂದು ಹಾಳೆಯಲ್ಲಿ 2.4 ಮೀಟರ್ ಮುಗಿಯಿತು. 250 × 200ರ ಎಲ್ 485. ಐದು ಸೇರಿ 2425, ಹಾಳೆಯಲ್ಲಿ ಉಳಿಯುವುದು 15 ಮಿ.ಮೀ. ಸಾಗಣೆಯಲ್ಲಿ ಅಂಚು ನಗ್ಗಿದ್ದರೆ ಐದನೆಯದು ಸಿಗುವುದಿಲ್ಲ, ಆದ್ದರಿಂದ ಈ ಓಟಕ್ಕೆ ಅಂಚು ನೇರವಿರುವ ಹಾಳೆ ಆರಿಸಿ ತೆಗೆದಿಡಿ. ಆರನೆಯ ಎಲ್, ಡಕ್ಟಿನ ಅಳತೆ ಇಳಿಸುವ ಎರಡು ರೆಡ್ಯೂಸರ್, ಡಿಫ್ಯೂಸರಿನ ಕಾಲರುಗಳಿಗೆ ಎರಡು ಹಾಳೆ. ಹೀಗೆ 0.63ರಲ್ಲಿ ಆರು, ಕೈತಪ್ಪಿಗೆ ಒಂದು, ಒಟ್ಟು ಏಳು, 0.80ರಲ್ಲಿ ಎರಡು. ಇಷ್ಟನ್ನು ಪೀಣ್ಯದ ಕಡೆ ಶಿಯರಿಂಗ್ ಮಾಡುವವರಲ್ಲಿ ಅಳತೆಗೆ ಕತ್ತರಿಸಿಯೇ ತರುವುದು ಒಳ್ಳೆಯದು. ಕೈಕತ್ತರಿಯಲ್ಲಿ 1220ರ ಉದ್ದ ನೇರ ಕತ್ತರಿಸಿದರೆ ಒಂದೆರಡು ಮಿ.ಮೀ. ಅಲೆಯುತ್ತದೆ, ಲಾಕು ಕೂರುವಾಗ ಆ ಅಲೆ ಲೆಕ್ಕ ಕೇಳುತ್ತದೆ.

ಕೆಲಸದ ಕ್ರಮ ತಪ್ಪಬಾರದು: ಮೊದಲು ಮೂಲೆಗಳ ನಾಚ್ (ಕಚ್ಚು ಕತ್ತರಿಸುವುದು), ಆಮೇಲೆ ಲಾಕ್ ಫಾರ್ಮರ್ ಯಂತ್ರದಲ್ಲಿ ಜೇಬು, ಆಮೇಲೆ ಕ್ರಾಸ್ ಬ್ರೇಕ್, ಕೊನೆಗೆ 90 ಡಿಗ್ರಿಯ ಮಡಿಕೆ. ಕ್ರಾಸ್ ಬ್ರೇಕ್ ಮೊದಲು ಮಾಡಿದರೆ ಹಾಳೆ ಸಪಾಟಾಗಿರುವುದಿಲ್ಲ, ಯಂತ್ರದ ರೋಲರಿನಲ್ಲಿ ಓರೆಯಾಗಿ ಹೋಗಿ ಜೇಬು ಒಂದು ಕಡೆ 25, ಇನ್ನೊಂದು ಕಡೆ 20 ಆಗುತ್ತದೆ. 0.63ಕ್ಕೆ ಹೊಂದಿಸಿದ ರೋಲರಿಗೆ 0.80ರ ಹಾಳೆ ಕೊಡುವಾಗ ಸಂದು ಸಡಿಲಿಸಿ. ಇಲ್ಲದಿದ್ದರೆ ಜೇಬಿನ ಬಾಯಿ ಮುಚ್ಚಿಕೊಂಡು ಒಂಟಿ ಮಡಿಕೆ ಒಳಗೆ ಇಳಿಯುವುದಿಲ್ಲ.

ಕ್ರಾಸ್ ಬ್ರೇಕ್ ಎಂದರೆ ಮೂಲೆಯಿಂದ ಮೂಲೆಗೆ ಎರಡು ಹಗುರ ಮಡಿಕೆ, ನಡುವೆ 3–4 ಮಿ.ಮೀ. ಉಬ್ಬು ಬರುವಷ್ಟು. ಸಪ್ಲೈ ಕಡೆ (ಗಾಳಿ ಕೋಣೆಗೆ ಹೋಗುವ ಕಡೆ) ಉಬ್ಬು ಹೊರಕ್ಕೆ, ರಿಟರ್ನ್ ಕಡೆ ಒಳಕ್ಕೆ. ಗಾಳಿ ಯಾವ ಕಡೆ ನೂಕುತ್ತದೆಯೋ ಆ ಕಡೆಗೇ ಹಾಳೆ ಮೊದಲೇ ಬಾಗಿದ್ದರೆ ಅದಕ್ಕೆ ನೆಗೆಯಲು ಜಾಗವಿಲ್ಲ. 450 ಮತ್ತು 900ರ ಬದಿಗಳಿಗೆ ಇದು ಬೇಕೇಬೇಕು, 300ಕ್ಕೆ ಇದ್ದರೆ ಒಳ್ಳೆಯದು, 200ಕ್ಕೆ ಬೇಡ. ಒಂದು ಪೈಸೆಯ ಮಾಲು ಹಿಡಿಯದ ಈ ಕೆಲಸವನ್ನು ಅವಸರದಲ್ಲಿ ಬಿಟ್ಟುಬಿಡುವುದೇ ಹೆಚ್ಚು. ಸೈಟಿಗೆ ಬಂದ ತುಂಡಿನ ಮೇಲೆ ಓರೆಯಾಗಿ ಬೆಳಕು ಬಿಟ್ಟು ನೋಡಿ, ಗುಣಾಕಾರದ ಗುರುತು ಕಾಣಬೇಕು.

ಎರಡು ಎಲ್‌ಗಳನ್ನು ಎದುರುಬದುರು ಮೂಲೆಯಲ್ಲಿ ಲಾಕಿಗೆ ಕೂರಿಸಿ, ಜೇಬಿನ ಹೊರ ಅಂಚನ್ನು ಮರದ ಕೊಡತಿಯಿಂದ ಮಡಚಿ. ಒಂದೇ ತುದಿಯಿಂದ ಹೊಡೆಯುತ್ತಾ ಹೋದರೆ ಕೊನೆಯಲ್ಲಿ ಒಂಟಿ ಮಡಿಕೆ ಹೊರಬರುತ್ತದೆ. ಎರಡು ತುದಿ, ನಡು, ಹೀಗೆ ಕಚ್ಚಿಸಿಕೊಂಡು ಆಮೇಲೆ ಪೂರ್ತಿ ಮುಗಿಸಿ. ಕಬ್ಬಿಣದ ಸುತ್ತಿಗೆ ಬಳಸಿದರೆ ಸತು ಬಿಡುತ್ತದೆ. ಕೈಗವಸು ಬೇಕು, ಲಾಕಿನ ಅಂಚು ಬ್ಲೇಡಿನಷ್ಟೇ ಚೂಪು.

ತುಂಡಿಗೆ ತುಂಡು ಜೋಡಿಸಲು ಈ ಗಾತ್ರಕ್ಕೆ ಆಂಗಲ್ ಫ್ಲೇಂಜ್ (ಎಲ್ ಕಬ್ಬಿಣದ ಚೌಕಟ್ಟು) ಅತಿಯಾಯಿತು. ಉದ್ದ ಬದಿಗೆ ಎಸ್ ಕ್ಲೀಟು (ಎರಡೂ ತುಂಡಿನ ಅಂಚು ಒಳಗೆ ಜಾರುವ 'ಎಸ್' ಆಕಾರದ ಪಟ್ಟಿ), ಗಿಡ್ಡ ಬದಿಗೆ ಡ್ರೈವ್ ಕ್ಲೀಟು (ಮಡಚಿದ ಅಂಚುಗಳ ಮೇಲೆ ಜಾರಿಸುವ ಪಟ್ಟಿ) ಸಾಕು. ಡ್ರೈವ್ ಕ್ಲೀಟಿಗಾಗಿ ಗಿಡ್ಡ ಬದಿಯ ಎರಡೂ ತುದಿಯನ್ನು 12 ಮಿ.ಮೀ. ಹಿಂದಕ್ಕೆ ಮಡಚಬೇಕಾಗುವುದರಿಂದ 1220ರ ತುಂಡು ಕೊನೆಗೆ 1195 ಮಾತ್ರ ನಿಲ್ಲುತ್ತದೆ. ಎಂಟು ತುಂಡಿಗೆ 9.6 ಮೀಟರ್ ಎಂದು ಹಾಕಿದ್ದರಲ್ಲಿ 40 ಮಿ.ಮೀ. ಕೊರತೆ, ಡಿಫ್ಯೂಸರಿನ ಜಾಗ ಗುರುತು ಮಾಡುವಾಗ ಇದು ನೆನಪಿರಲಿ. ಡ್ರೈವ್ ಕ್ಲೀಟನ್ನು ಡಕ್ಟಿನ ಬದಿಗಿಂತ 50 ಮಿ.ಮೀ. ಉದ್ದ ಕತ್ತರಿಸಿ, ಮೇಲೆ ಕೆಳಗೆ 25ರ ಬಾಲವನ್ನು ಮೂಲೆಯ ಮೇಲೆ ಮಡಚಿ. ಗಾಳಿ ಸೋರುವುದು ಹೆಚ್ಚಾಗಿ ಈ ನಾಲ್ಕು ಮೂಲೆಗಳಲ್ಲೇ, ಸೀಲಂಟನ್ನು ಮೊದಲು ಅಲ್ಲಿಗೆ ತುಂಬಿ. ಎಸ್ ಕ್ಲೀಟಿನ ಒಳಗೂ ಜಾರಿಸುವ ಮೊದಲೇ ಒಂದು ಎಳೆ ಹಾಕಿ. ಹೊರಗಿನಿಂದ ಬಳಿದದ್ದು ಒಣಗಿದ ಮೇಲೆ ಬಿಡುತ್ತದೆ.

ತೂಗುಹಾಕುವುದು ಸುಲಭ. 450ರ ಡಕ್ಟು ಇನ್ಸುಲೇಷನ್ ಸೇರಿ ಮೀಟರಿಗೆ ಹತ್ತು ಕೆಜಿ ಮೀರದು. ಸ್ಲ್ಯಾಬಿಗೆ 8 ಮಿ.ಮೀ. ಆಂಕರ್ ಫಾಸ್ಟನರ್, 8 ಮಿ.ಮೀ. ಥ್ರೆಡ್ ರಾಡ್, ಕೆಳಗೆ 25 × 25 × 3ರ ಆಂಗಲ್, 1.8 ಮೀಟರಿಗೊಂದು. ಯೂನಿಟ್ಟಿಗೂ ಪ್ಲೀನಮ್ಮಿಗೂ ನಡುವೆ 100 ಮಿ.ಮೀ. ಕ್ಯಾನ್ವಾಸ್ ಇರಲೇಬೇಕು, ಸಡಿಲವಾಗಿ. ಎಳೆದು ಬಿಗಿದ ಕ್ಯಾನ್ವಾಸಿನಲ್ಲಿ ಮೋಟರಿನ ನಡುಕ ತಗಡಿಗೆ ನೇರ ಬರುತ್ತದೆ, ಆಗ ಯಾವ ದಪ್ಪವೂ ಉಪಯೋಗಕ್ಕೆ ಬಾರದು.

ಡಿಫ್ಯೂಸರಿಗೆ ಇಳಿಯುವ ಕಡೆ ದುಂಡು ಕೊಳವೆ ಬಳಸಿದರೆ 200 ವ್ಯಾಸಕ್ಕೆ 0.50 ಧಾರಾಳ ಸಾಕು, ದುಂಡಗಿನ ಗೋಡೆ ಉಬ್ಬುವುದಿಲ್ಲ. ಅಡುಗೆಮನೆ ಚಿಮಣಿಯ 150ರ ಕೊಳವೆಗೆ ಈ ರಿಯಾಯಿತಿ ಬೇಡ: ಜಿಡ್ಡು ತೆಗೆಯಲು ಒಳಗೆ ಬ್ರಷ್ ಆಡಬೇಕು, ಅಲ್ಲಿ 0.63 ಹಾಕಿ. ಮೇಲಿನ ಕೊಳವೆಯ ತುದಿ ಕೆಳಗಿನದರ ಒಳಗೆ ಇಳಿಯಲಿ. ಉಲ್ಟಾ ಕೂರಿಸಿದರೆ ಎಣ್ಣೆ ಜೋಡಣೆಯಿಂದ ಹೊರಬಂದು ಗೋಡೆಗೆ ಗೆರೆ ಎಳೆಯುತ್ತದೆ. ಆ ಕೊಳವೆಯನ್ನು ಎಸಿ ಡಕ್ಟಿಗೆ ಎಲ್ಲೂ ಸೇರಿಸಬಾರದು ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಇನ್ಸುಲೇಷನ್ ಅಂಟಿಸುವ ಮುನ್ನ ಪರೀಕ್ಷೆ. ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸಿ, ಹೊತ್ತಿಸಿದ ಊದುಬತ್ತಿಯನ್ನು ಪ್ರತಿ ಜೋಡಣೆಯ ಸುತ್ತ ನಿಧಾನ ಸುತ್ತಿಸಿ. ಸಪ್ಲೈ ಕಡೆ ಸೋರಿಕೆಯಿದ್ದರೆ ಹೊಗೆ ಸಿಡಿದು ದೂರ ಹೋಗುತ್ತದೆ, ರಿಟರ್ನ್ ಕಡೆ ಒಳಕ್ಕೆ ಎಳೆದುಕೊಳ್ಳುತ್ತದೆ. ಕ್ಯಾನ್ವಾಸಿನ ಹತ್ತಿರ ಬತ್ತಿ ತಾಗಿಸಬೇಡಿ. ಆಮೇಲೆ ಫ್ಯಾನನ್ನು ಐದಾರು ಸಲ ಹಾಕಿ ಆರಿಸಿ, ಪ್ರತಿ ಹಾಳೆಯ ನಡುವೆ ಅಂಗೈ ಇಟ್ಟು ನೋಡಿ. ಪ್ಲೀನಮ್ಮಿನ ಮೇಲ್ಮೈ ಮತ್ತು ರಿಟರ್ನ್ ಪೆಟ್ಟಿಗೆಯ ತಳ ಮೊದಲು ನೋಡಬೇಕಾದವು. ಅಂಗೈಗೆ ಡಬ್ ಎಂದು ತಾಗಿದ ಕಡೆ ಹೊಸ ತಗಡು ಬೇಕಿಲ್ಲ: ಉಳಿದ ಚೂರಿನಿಂದ 50 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, 25 × 25 ಎಲ್ ಆಗಿ ಮಡಚಿ, ಹಾಳೆಯ ನಡುವೆ ಅಡ್ಡಲಾಗಿ ಹೊರಗಿನಿಂದ 100 ಮಿ.ಮೀ.ಗೊಂದು ಪಾಪ್ ರಿವೆಟ್ ಹೊಡೆಯಿರಿ. ರಿವೆಟ್ ತೂತಿಗೆ ಒಂದು ತೊಟ್ಟು ಸೀಲಂಟ್. ಮತ್ತೆ ಹಾಕಿ ಆರಿಸಿ ನೋಡಿ, ಆಮೇಲಷ್ಟೇ 13 ಮಿ.ಮೀ. ನೈಟ್ರೈಲ್ ರಬ್ಬರ್ ಅಂಟಿಸಿ. ಕರಾವಳಿಯ ಸೆಕೆಗೆ 19. ಎಲ್ ಪಟ್ಟಿಯ ಮೇಲೆ ರಬ್ಬರನ್ನು ಎಳೆದು ಹಾಸಬೇಡಿ, ಪಟ್ಟಿಯ ಎರಡೂ ಬದಿ ಕತ್ತರಿಸಿ ಕೂರಿಸಿ, ಪಟ್ಟಿಗೆ ಬೇರೆ ತುಂಡು ಹೊದಿಸಿ, ಸಂದಿಗಳಿಗೆ ಟೇಪು ಸುತ್ತಿ. ಬರಿದಾಗಿ ಉಳಿದ ಒಂದು ಅಂಗುಲ ತಗಡಿನಿಂದಲೂ ಮೇ ತಿಂಗಳಲ್ಲಿ ಜಿಪ್ಸಮ್ ಸೀಲಿಂಗಿಗೆ ನೀರು ತೊಟ್ಟಿಕ್ಕುತ್ತದೆ.